ತೇರು, ಬೆಟ್ಟ, ಬಸ್ಸು: ಮಧುಗಿರಿ ಸೀಮೆಯ ಹೊಸ ಜೋಡಿಗಳ ತಿರುಗಾಟ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಮದುವೆಯಾದ ಹೊಸ ಜೋಡಿಯ ಮೊದಲ ಪ್ರಯಾಣ ಮನೆದೇವರ ಗುಡಿಗೆ. ಎಲ್ಲಿಗೆ ಹೋಗಬೇಕೆಂದು ಗಂಡಹೆಂಡಿರು ಕೂತು ಮಾತಾಡುವ ಸಂದರ್ಭವೇ ಬರುತ್ತಿರಲಿಲ್ಲ. ಕುಲ ಅದನ್ನು ಎಂದೋ ತೀರ್ಮಾನಿಸಿರುತ್ತಿತ್ತು. ಒಂದು ವಂಶ ಯಾವುದೋ ಕಾಲದಲ್ಲಿ ಊರು ಬಿಟ್ಟು ಬಂದಿದ್ದರೂ ದೇವರನ್ನು ಹಳೆಯ ನೆಲೆಯಲ್ಲೇ ಬಿಟ್ಟು ಬಂದಿರುತ್ತದೆ. ಹಾಗಾಗಿ ಒಬ್ಬರ ಮನೆದೇವರು ಹೊಲದ ಆಚೆಗಿನ ಗುಡಿಯಲ್ಲಿದ್ದರೆ ಇನ್ನೊಬ್ಬರದು ಎರಡು ದಿನದ ಗಾಡಿ ಹಾದಿಯ ದೂರದಲ್ಲಿ. ಕಾಡುಗೊಲ್ಲರ ಹಟ್ಟಿಗಳವರಿಗೆ ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪ, ಕೆಲವು ಮನೆತನಗಳಿಗೆ ದೇವರಾಯನದುರ್ಗದ ನರಸಿಂಹ, ಮತ್ತೆ ಕೆಲವರಿಗೆ ತಿರುಪತಿ ತಿಮ್ಮಪ್ಪ. ತಿಮ್ಮಪ್ಪನ ಒಕ್ಕಲಾದ ಮನೆಯ ಸೊಸೆ ಘಟ್ಟ ಹತ್ತಿ ಬರುತ್ತಿದ್ದಳು. ಊರಮ್ಮನ ಒಕ್ಕಲ ಸೊಸೆ ಊರ ಗಡಿಯನ್ನೂ ದಾಟುತ್ತಿರಲಿಲ್ಲ.

ಹೋಗುವುದೂ ಇಬ್ಬರೇ ಅಲ್ಲ. ಕಮಾನು ಗಾಡಿಯಲ್ಲಿ ಅತ್ತೆ, ನಾದಿನಿ, ಮನೆಯ ಮಕ್ಕಳು. ಹಿಂದೊಂದು ಗಾಡಿಯಲ್ಲಿ ಬೀಗರು. ಬುತ್ತಿಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೊದಲ ದಿನದ ಮಟ್ಟಿಗೆ ಚಿತ್ರಾನ್ನ. ರಾತ್ರಿಯಾದರೆ ಛತ್ರ, ಇಲ್ಲವೇ ಗುಡಿಯ ಅಂಗಳ. ಮದುವೆಯಾಗಿ ಎಂಟು ದಿನ ಕಳೆದರೂ ಹುಡುಗ ಹುಡುಗಿ ಒಂದು ಗಳಿಗೆ ಇಬ್ಬರೇ ಕೂತು ಮಾತಾಡಿರದ ಸಂದರ್ಭಗಳು ಇಂಥ ಪ್ರಯಾಣಗಳಲ್ಲಿ ಸಾಮಾನ್ಯವೇ ಆಗಿದ್ದವು. ಹಾಗೆಂದು ಅದನ್ನು ಬರೀ ಹರಕೆಯ ಕೆಲಸವೆನ್ನುವುದೂ ತಪ್ಪು. ಗಾಡಿ ನಿಂತ ಊರಲ್ಲೆಲ್ಲ ನೆಂಟರ ಮನೆಯ ಊಟ, ಮಡಿಲಕ್ಕಿ, ಹೊಸ ಸೊಸೆಯನ್ನು ನೋಡಲು ಬರುವ ಹೆಂಗಸರ ತಮಾಷೆ ಇರುತ್ತಿತ್ತು.

ಮಧುಚಂದ್ರದ ಯಾತ್ರೆ ಪಶ್ಚಿಮದಿಂದ ಬಂದದ್ದು, ಇಲ್ಲಿನದಲ್ಲ ಎಂಬ ಮಾತು ಅರ್ಧ ಮಾತ್ರ ನಿಜ. 19ನೇ ಶತಮಾನದ ಆರಂಭದ ಇಂಗ್ಲೆಂಡಿನಲ್ಲೂ ಉಳ್ಳವರ ಮನೆಯ ನವದಂಪತಿ ಹೊರಡುತ್ತಿದ್ದದ್ದು ಮದುವೆಗೆ ಬರಲಾಗದ ನೆಂಟರನ್ನು ಕಂಡುಬರಲು; ಜೊತೆಗೆ ಮನೆಯವರೋ ಗೆಳೆಯರೋ ಇರುತ್ತಿದ್ದರು. ರೈಲು ಬಂದು, ಸಮುದ್ರ ತೀರದ ಹೋಟೆಲುಗಳು ಎದ್ದ ಮೇಲೆ ಅದು ಇಬ್ಬರ ಏಕಾಂತದ ಪ್ರವಾಸವಾಯಿತು. ಮಧುಗಿರಿ ಸೀಮೆಯಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ, ನೂರು ವರ್ಷ ತಡವಾಗಿ. ಹೊಸದಾಗಿ ಸೇರಿದ್ದು ತಿರುಗಾಟವಲ್ಲ, ಹಿರಿಯರು ಮನೆಯಲ್ಲಿ ಉಳಿದದ್ದು.

ಖರ್ಚಿನ ಲೆಕ್ಕ ಮಳೆ ಬೆಳೆಯ ಮೇಲೆ ನಿಂತಿತ್ತು. ಈ ನಾಲ್ಕು ತಾಲ್ಲೂಕುಗಳು ಕರ್ನಾಟಕದ ಒಣಸೀಮೆ. ಅದರಲ್ಲೂ ಪಾವಗಡದ ಬರ ಗಾದೆಯಷ್ಟು ಹಳೆಯದು. ರಾಗಿ ಕಣ ಮುಗಿದು, ಕಡಲೆಕಾಯಿ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ಮಾಘದ ಹೊತ್ತಿಗೆ. ಮದುವೆಗಳು ಮಾಘದಿಂದ ವೈಶಾಖದವರೆಗೆ ತುಂಬಿಕೊಳ್ಳುವುದಕ್ಕೆ ಪಂಚಾಂಗದಷ್ಟೇ ಇದೂ ಕಾರಣ. ಮಳೆ ಕೈಕೊಟ್ಟ ವರ್ಷ ಮಾತಾಡಿಟ್ಟ ಮದುವೆಯೂ ಮುಂದಕ್ಕೆ ಹೋಗುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡ 1876–78ರ ಧಾತು ಈಶ್ವರದ ಬರದಲ್ಲಂತೂ ಚಪ್ಪರದ ಮಾತೇ ದೂರವಾಯಿತು.

ಕೊರತೆಯ ಈ ಲೆಕ್ಕವನ್ನು ಸರಿದೂಗಿಸಿದ್ದು ಮುಯ್ಯಿ. ಧಾರೆ ಮುಗಿಯುತ್ತಿದ್ದಂತೆ ಚಪ್ಪರದ ಒಂದು ಮೂಲೆಯಲ್ಲಿ ಅಕ್ಷರ ಬಲ್ಲವನೊಬ್ಬ ಉದ್ದನೆಯ ಪುಸ್ತಕ ಬಿಚ್ಚಿ ಕೂರುತ್ತಾನೆ. ಬಂದವರು ಸಾಲಾಗಿ ನಿಂತು ಹೆಸರು, ಊರು, ಮೊತ್ತ ಹೇಳಿ ಬರೆಸುತ್ತಾರೆ. ಕೆಲವೆಡೆ ಅದನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುವುದೂ ಉಂಟು. ಇದು ಉಡುಗೊರೆಯಲ್ಲ, ತೀರಿಸಬೇಕಾದ ಕಡ. ಮುಯ್ಯಿ ಮಾಡಿದವರ ಮನೆಯಲ್ಲಿ ಮದುವೆಯಾದಾಗ ಅದೇ ಪುಸ್ತಕ ತೆರೆದು, ಬರೆದಿದ್ದಕ್ಕೆ ಒಂದಿಷ್ಟು ಸೇರಿಸಿ ಹಿಂದಿರುಗಿಸಬೇಕು. ಆ ಹಣ ಹೆಚ್ಚಾಗಿ ಚಪ್ಪರದ ಸಾಲಕ್ಕೇ ಹೋಗುತ್ತಿತ್ತು. ಉಳಿದ ಚಿಲ್ಲರೆಯಲ್ಲಿ ಜಾತ್ರೆಯ ಬಳೆ, ಬತ್ತಾಸು, ಗಾಡಿ ಬಾಡಿಗೆ. ಬ್ಯಾಂಕು ಕಾಣದ ಊರುಗಳಲ್ಲಿ ಒಂದು ಸಂಸಾರವನ್ನು ದಡ ಹತ್ತಿಸಲು ಇದಕ್ಕಿಂತ ಚೊಕ್ಕವಾದ ಏರ್ಪಾಡು ಹುಡುಕುವುದು ಕಷ್ಟ.

ಹೊಸ ಜೋಡಿಗೆ ನಿಜವಾದ ಸಂಭ್ರಮದ ಜಾಗವೆಂದರೆ ತೇರು. ಬೇಸಿಗೆಯ ಜಾತ್ರೆಗಳಿಗೆ ಅದೇ ವರ್ಷ ಮದುವೆಯಾದವರು ಬಂದು ರಥಕ್ಕೆ ಹಣ್ಣು ದವನ ಎಸೆಯುವುದು ಹಳೇ ಮೈಸೂರು ಸೀಮೆಯ ಗಟ್ಟಿ ಪದ್ಧತಿ. ಬಾಳೆಹಣ್ಣಿನ ತುದಿ ಸೀಳಿ ಘಮಘಮಿಸುವ ದವನದ ಕಡ್ಡಿ ಸಿಕ್ಕಿಸುತ್ತಾರೆ. ತೇರಿನ ಮಿಣಿ ಬಿಗಿದು ಚಕ್ರ ಕದಲಿದ ಕ್ಷಣದಲ್ಲಿ ಗಂಡ ಹೆಂಡತಿ ಇಬ್ಬರೂ ಕಳಶದತ್ತ ಗುರಿಯಿಟ್ಟು ಎಸೆಯಬೇಕು. ತಗುಲಿದರೆ ಬೇಡಿಕೊಂಡದ್ದು ಕೈಗೂಡುತ್ತದೆಂಬ ನಂಬಿಕೆ. ಅಷ್ಟು ಎತ್ತರಕ್ಕೆ ಹೆಚ್ಚಿನವು ತಲುಪುವುದಿಲ್ಲ. ಮುಂದಿನ ಸಾಲಿನವರ ತಲೆಯ ಮೇಲೆ ಬೀಳುತ್ತವೆ, ಯಾರೂ ಬೇಸರಿಸುವುದಿಲ್ಲ. ಮನೆಯಲ್ಲಿ ತಲೆ ತಗ್ಗಿಸಿಕೊಂಡೇ ಇರಬೇಕಾದ ಹೊಸ ಸೊಸೆಗೆ ಸಾವಿರಾರು ಜನರ ನಡುವೆ ಗಂಡನ ಪಕ್ಕ ನಿಂತು ಕೈಯೆತ್ತಿ ಎಸೆಯಲು ಸಿಗುತ್ತಿದ್ದ ಸದರ ಇದೊಂದೇ ಇರಬೇಕು. ಈಚೆಗೆ ಹಣ್ಣಿನ ಸಿಪ್ಪೆಯ ಮೇಲೆ ಪೆನ್ನಿನಲ್ಲಿ ಬೇಡಿಕೆ ಬರೆದು ಎಸೆಯುವ ಹೊಸ ಚಾಳಿ ಬಂದಿದೆ. ಅದರಲ್ಲಿ ಸಂತಾನಕ್ಕಿಂತ ಚುನಾವಣೆ, ಕ್ರಿಕೆಟ್ಟುಗಳೇ ಸುದ್ದಿಯಾಗುತ್ತವೆ.

ಜಾತ್ರೆಗಳ ಕಾಲ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಆಷಾಢ ಬರುತ್ತದೆ, ಹೊಸ ಸೊಸೆ ತವರಿಗೆ ಹೋಗುತ್ತಾಳೆ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಎನ್ನುವುದು ಮನೆಯವರು ಕೊಡುವ ಕಾರಣ. ಆಷಾಢದಲ್ಲಿ ಬಸಿರಾದರೆ ಹೆರಿಗೆ ಕಡುಬೇಸಿಗೆಗೆ ಬೀಳುತ್ತದೆ ಎನ್ನುವುದು ಓದಿದವರು ಕೊಡುವ ಕಾರಣ. ಹೆಸರಾದ ಅಪವಾದ ದಕ್ಷಿಣದ ಚಾಮರಾಜನಗರದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರ ಗುಡಿಯ ರಥೋತ್ಸವ ನಡೆಯುವುದೇ ಆಷಾಢದಲ್ಲಿ, ತವರಿಗೆ ಹೋದ ಹೆಣ್ಣು ಗಂಡನನ್ನು ಕಾಣಲು ಅದು ಒಪ್ಪಿತ ನೆಪ. ಮಧುಗಿರಿ ಸೀಮೆಯಲ್ಲಿ ಅಂಥ ನೆಪವಿರಲಿಲ್ಲ. ಗೌರಿಹಬ್ಬದವರೆಗೂ ಕಾಯಬೇಕಾದವರೂ ಇದ್ದರು.

ಇನ್ನೂ ಹಿಂದೆ ಹೋದರೆ, ಬಾಲ್ಯವಿವಾಹ ನಡೆಯುತ್ತಿದ್ದ ಮನೆಗಳಲ್ಲಿ ಮದುವೆಗೂ ಪ್ರಸ್ತಕ್ಕೂ ವರ್ಷಗಟ್ಟಲೆ ಅಂತರವಿರುತ್ತಿತ್ತು. ಅಲ್ಲಿ ಮದುವೆಯ ಬೆನ್ನಿಗೆ ದಂಪತಿಯ ಪ್ರವಾಸವೆಂಬುದು ಯೋಚನೆಗೂ ನಿಲುಕದ್ದು. ಮೈಸೂರು ಸರ್ಕಾರ 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಕಾನೂನಿನಿಂದ ತಡೆಯಿತು. ಈಗಿನ ಕಣ್ಣಿಗೆ ತೀರ ಚಿಕ್ಕದಾಗಿ ಕಾಣುವ ಆ ಮಿತಿಯೇ ಅಂದು ದೊಡ್ಡ ವಿವಾದವಾಗಿತ್ತು.

ಈ ಸೀಮೆಯಲ್ಲಿ ಸಾಹಸವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಹುಪಾಲು ದೇವರುಗಳು ಇರುವುದೇ ಬಂಡೆಗಳ ಮೇಲೆ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟದಲ್ಲಿ ಕೊನೆಯ ಹಂತದ ಹಾದಿ ಹೆಬ್ಬಂಡೆಗಳ ಸಂದಿಯಲ್ಲಿ ನುಗ್ಗುತ್ತದೆ. ಗವಿಯೊಳಗೆ ಸಿದ್ಧೇಶ್ವರ, ಪಕ್ಕದಲ್ಲಿ ಬೇಸಿಗೆಯಲ್ಲೂ ಒರತೆಯ ತಣ್ಣನೆಯ ನೀರು. ಬೆಟ್ಟ ಗಿಡಮೂಲಿಕೆಗೆ ಹೆಸರಾದದ್ದರಿಂದ ಮಕ್ಕಳಾಗದವರು, ರೋಗಿಗಳು, ಹೊಸದಾಗಿ ಮದುವೆಯಾದವರು ಎಲ್ಲರೂ ಒಂದೇ ಮೆಟ್ಟಿಲು ಹತ್ತುತ್ತಾರೆ.

ಮಧುಗಿರಿಯ ಏಕಶಿಲಾ ಬೆಟ್ಟದ ಕಥೆ ಬೇರೆ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಈ ಬಂಡೆಯ ಮೇಲಿನ ಕೋಟೆಯನ್ನು ಸ್ಥಳೀಯ ಪಾಳೆಯಗಾರರು ಕಟ್ಟಿದರು. 1678ರಲ್ಲಿ ಅದು ಮೈಸೂರಿನ ವಶವಾಯಿತು, ಮುಂದೆ ಹೈದರಾಲಿ ಅದನ್ನು ಭದ್ರಪಡಿಸಿದ. 1763ರಲ್ಲಿ ಬಿದನೂರು ಗೆದ್ದ ಹೈದರ್, ಕೆಳದಿಯ ರಾಣಿ ವೀರಮ್ಮಾಜಿಯನ್ನು ಆಕೆಯ ದತ್ತುಮಗನ ಜೊತೆ ಇಲ್ಲಿ ಸೆರೆಯಿಟ್ಟ. 1767ರಲ್ಲಿ ಮರಾಠರು ಕೋಟೆ ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ಮಲೆನಾಡಿನ ಹಸಿರಿನಲ್ಲಿ ಬೆಳೆದ ಹೆಣ್ಣುಮಗಳಿಗೆ ಆ ಬೋಳುಬಂಡೆಯ ನಾಲ್ಕು ಬೇಸಿಗೆ ಹೇಗೆ ಕಳೆದಿರಬೇಕು! ಹೀಗೆ ಬಹುಕಾಲ ಈ ಬೆಟ್ಟ ಕಾವಲುಗಾರರಿಗೂ ಕೈದಿಗಳಿಗೂ ಸೇರಿದ್ದು. ಸುಮ್ಮನೆ ನೋಡಲೆಂದು ಅದನ್ನು ಹತ್ತುವ ರೂಢಿ ಶಾಲೆಯ ಮಕ್ಕಳಿಂದ, ಅವರ ಮೇಷ್ಟರುಗಳಿಂದ ಬೆಳೆದು, ಆಮೇಲೆ ಬೆಂಗಳೂರಿನ ಚಾರಣಿಗರಿಂದ ಹಬ್ಬಿತು.

ವಿಹಾರಕ್ಕೆಂದೇ ಮಾಡಿದ ಜಾಗ ಈ ಭಾಗದಲ್ಲಿ ಇದ್ದದ್ದು ಶಿರಾದಲ್ಲಿ ಮಾತ್ರ. 1687ರಿಂದ ಮೊಗಲರ ಸುಬೆಯ ರಾಜಧಾನಿಯಾಗಿದ್ದ ಊರಿನಲ್ಲಿ ಖಾನ್ ಬಾಗ್ ಎಂಬ ತೋಟವಿತ್ತು. ಬೆಂಗಳೂರಿನ ಲಾಲ್‌ಬಾಗಿಗೆ ಅದೇ ಮಾದರಿ ಎನ್ನುತ್ತಾರೆ. ಅದರ ನೆರಳು ಸುಬೇದಾರರ ಮನೆಯವರಿಗೆ ಸಿಕ್ಕಿತೇ ಹೊರತು ಸುತ್ತಲಿನ ಒಕ್ಕಲುಮಕ್ಕಳಿಗಲ್ಲ.

ಹಿರಿಯರನ್ನು ಮನೆಯಲ್ಲಿ ಬಿಟ್ಟು ಹೊರಡುವುದನ್ನು ಸಾಧ್ಯವಾಗಿಸಿದ್ದು ಬಸ್ಸು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರಿನಲ್ಲಿ 120 ಬಸ್ಸುಗಳೊಂದಿಗೆ ಶುರುವಾಯಿತು. ಪಾವಗಡ, ಮಧುಗಿರಿಯ ಹಾದಿಗಳಲ್ಲಿ ಖಾಸಗಿ ಬಸ್ಸುಗಳ ಓಡಾಟವೂ ಬಿಡದೆ ಬೆಳೆಯಿತು. ಎತ್ತಿನ ಗಾಡಿಗೆ ಬಾಡಿಗೆ ಇಡಿಯಾಗಿ, ಆದ್ದರಿಂದ ತುಂಬ ಜನ ಹೋದಷ್ಟೂ ಲಾಭ. ಬಸ್ಸಿನಲ್ಲಿ ತಲೆಗೊಂದು ಟಿಕೆಟ್ಟು, ಆದ್ದರಿಂದ ಇಬ್ಬರೇ ಹೋದರೆ ಲಾಭ. ಏಕಾಂತದ ಆಸೆಗೆ ಜಿಪುಣತನದ ಒತ್ತಾಸೆ ಸಿಕ್ಕಿದ್ದು ಹೀಗೆ. ಮೊದಲು ಹೊರಟವರು ತಿಂಗಳ ಸಂಬಳವೂ ರಜೆಯೂ ಇದ್ದ ಮೇಷ್ಟರು, ಗುಮಾಸ್ತರು. ಹೋದದ್ದು ಮೈಸೂರಿಗೆ: ಅರಮನೆ, ಚಾಮುಂಡಿಬೆಟ್ಟ, 1932ರಲ್ಲಿ ಕಟ್ಟಿ ಮುಗಿದ ಕನ್ನಂಬಾಡಿ ಅಣೆಕಟ್ಟೆಯ ಕೆಳಗಿನ ಬೃಂದಾವನ. ಸಿನಿಮಾದ ಹಾಡುಗಳಲ್ಲಿ ನಾಯಕ ನಾಯಕಿ ಓಡಾಡುತ್ತಿದ್ದ ಕಾರಂಜಿಗಳನ್ನೇ ನೋಡಿಬರುವುದು ದೊಡ್ಡ ವಿಷಯವಾಗಿತ್ತು. ಚಾಮುಂಡಿ ದರ್ಶನ ಪಟ್ಟಿಯಲ್ಲಿದ್ದರೆ ಮನೆಯಲ್ಲಿ ಅಪ್ಪಣೆ ಸುಲಭ. ಕೈಬಿಚ್ಚಿ ಖರ್ಚು ಮಾಡುವವರು ಅಲ್ಲಿಂದ ಊಟಿಗೂ ಹೋದರು. 2006ರ ಕೊನೆಗೆ ತೆರೆಕಂಡ ‘ಮುಂಗಾರು ಮಳೆ’ಯ ಬಳಿಕ ಮಡಿಕೇರಿ, ಜೋಗಗಳ ಮೋಹ ಹೆಚ್ಚಿತು. ಮಳೆಯೇ ಅಪರೂಪವಾದ ಊರಿನವರಿಗೆ ಮಳೆಯಲ್ಲಿ ನೆನೆಯಲು ಹೋಗುವುದು ವಿಲಾಸವಲ್ಲದೆ ಮತ್ತೇನು?

ಪ್ರವಾಸದ ಜಾಹೀರಾತುಗಳಲ್ಲಿ ಉಷ್ಣವಲಯವೆಂದರೆ ಸಮುದ್ರ, ತೆಂಗು, ಬಿಳಿ ಮರಳು. ಭೂಪಟದ ಪ್ರಕಾರ 13, 14ನೇ ಅಕ್ಷಾಂಶಗಳ ಆಸುಪಾಸಿನ ಈ ನಾಲ್ಕು ತಾಲ್ಲೂಕುಗಳೂ ಅಪ್ಪಟ ಉಷ್ಣವಲಯವೇ. ಜಾಲಿ, ಬಂಡೆ, ಒಣಕೆರೆಯ ಉಷ್ಣವಲಯಕ್ಕೆ ಗಿರಾಕಿಗಳಿಲ್ಲ ಅಷ್ಟೆ. ಸಮುದ್ರದ ಆಸೆ ಹುಟ್ಟಿದವರಿಗೆ ಶಿರಾ ಅನುಕೂಲದ ಊರು. ಬೆಂಗಳೂರಿನಿಂದ ಚಿತ್ರದುರ್ಗ, ಹುಬ್ಬಳ್ಳಿ ಕಡೆಗಿನ ಹೆದ್ದಾರಿ ಇಲ್ಲೇ ಹಾಯುತ್ತದೆ. ಗೋವಾ, ಗೋಕರ್ಣದ ದಾರಿಯ ರಾತ್ರಿ ಬಸ್ಸು ಹತ್ತಿದರೆ ಒಂದು ರಾತ್ರಿಯ ಲಾಡ್ಜಿನ ಬಾಡಿಗೆಯೂ ಉಳಿಯುತ್ತದೆ. ಗೋಕರ್ಣಕ್ಕೆ ಇನ್ನೊಂದು ಅನುಕೂಲವಿದೆ: ಮಹಾಬಲೇಶ್ವರನ ದರ್ಶನಕ್ಕೆಂದು ಹೇಳಿ ಓಂ ಬೀಚಿಗೆ ಹೋಗಬಹುದು.

ಪಾವಗಡದಲ್ಲಿ ಹಣದ ಹರಿವೇ ಒಂದಿಷ್ಟು ಬದಲಾಯಿತು. ತಿರುಮಣಿ ಸುತ್ತಲಿನ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2018ರಲ್ಲಿ ಉದ್ಘಾಟನೆಯಾದ ಸೌರ ವಿದ್ಯುತ್ ಪಾರ್ಕಿಗೆ ರೈತರು ಭೂಮಿ ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಕಡಲೆಕಾಯಿಯನ್ನೇ ನಂಬಿದ್ದ ಮನೆಗಳಿಗೆ ಮಳೆಯ ಹಂಗಿಲ್ಲದ ವರಮಾನ ಬಂತು. ಭೂಮಿಯಿಲ್ಲದ ಕೂಲಿಯವರಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ಅವರ ಮನೆಯ ಮದುವೆಗಳು ಈಗಲೂ ಮುಯ್ಯಿ ಪುಸ್ತಕದ ಮೇಲೇ ನಿಂತಿವೆ.

2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ಅಂದರೆ ದಂಪತಿಯ ಬಸ್ ಖರ್ಚು ಅರ್ಧಕ್ಕೆ ಇಳಿಯಿತು. ಹೊರಗೆ ಹೋಗಲಾಗದವರು ಸೀಮೆಯೊಳಗೇ ತಿರುಗುತ್ತಾರೆ. ಕೊರಟಗೆರೆಯ ಕಡೆ ಗೊರವನಹಳ್ಳಿ ಲಕ್ಷ್ಮಿಯ ದರ್ಶನ ಮತ್ತು ಸಿದ್ಧರಬೆಟ್ಟ ಒಂದೇ ದಿನದಲ್ಲಿ ಮುಗಿಯುತ್ತವೆ. ಶಿರಾ ಬಳಿಯ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬೇಸಿಗೆಯ ಮದುವೆಗಳ ಕಾಲದಲ್ಲೇ ಗೂಡು ಕಟ್ಟುತ್ತವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಗಾವಲಲ್ಲಿ ಕೃಷ್ಣಮೃಗಗಳ ಹಿಂಡಿದೆ. ಬೆಳಿಗ್ಗೆ ಬೇಗ ಹೋದವರಿಗೆ ಕಾಣುತ್ತವೆ, ಗದ್ದಲ ಮಾಡಿದವರಿಗೆ ಇಲ್ಲ.

ಮಧುಗಿರಿ ಬೆಟ್ಟಕ್ಕೆ ಮಾತ್ರ ತಯಾರಿ ಬೇಕು. ಕೆಳಗಿನ ಬಾಗಿಲುಗಳನ್ನು ದಾಟುವವರೆಗೆ ಮೆಟ್ಟಿಲುಗಳಿವೆ. ಮೇಲಕ್ಕೆ ಹೋದಂತೆ ಬಂಡೆಗೇ ಕೊರೆದ ಕಚ್ಚುಗಳು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ಗುಡಿ, ಮಳೆನೀರಿನ ದೊಣೆಗಳು. ನೆರಳೆಂಬುದಿಲ್ಲ, ಕುಡಿಯುವ ನೀರು ಕೆಳಗಿನಿಂದಲೇ ಹೊರಬೇಕು. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೇ ಕಾಲು ಸುಡುತ್ತದೆ. ಹೆಜ್ಜೇನಿನ ಭಯ ಯಾವ ಕಾಲಕ್ಕೂ ಇದ್ದದ್ದೇ. ವೈಶಾಖದಲ್ಲಿ ಮದುವೆಯಾದವರು ಈ ಏರಿಕೆಯನ್ನು ದೀಪಾವಳಿಯ ಆಚೆಗೆ ಇಟ್ಟುಕೊಳ್ಳುವುದೇ ಒಳ್ಳೆಯದು. ಆ ಹೊತ್ತಿಗೆ ಆಷಾಢ ಕಳೆದು ಹೆಂಡತಿ ತವರಿನಿಂದ ಮರಳಿರುತ್ತಾಳೆ, ರಾಗಿ ಕೊಯ್ಲಿಗೆ ಇನ್ನೂ ಕೆಲವು ದಿನ ಬಾಕಿಯಿರುತ್ತದೆ.