ಸಿಎನ್‌ಜಿ ಕಂಪ್ರೆಸರ್ ಪಕ್ಕದ ಮನೆಯವರಿಗೆ

ಲಾತೂರ್ ಹಾಗೂ ಉಸ್ಮಾನಾಬಾದ್ (2023ರಿಂದ ಧಾರಾಶಿವ) ಜಿಲ್ಲೆಗಳಲ್ಲಿ ನೈಸರ್ಗಿಕ ಅನಿಲ ಹಂಚುವ ಪರವಾನಗಿಯನ್ನು 2018ರಲ್ಲಿ ಯುನಿಸನ್ ಎನ್ವಿರೋ ಪಡೆಯಿತು. 2024ರಲ್ಲಿ ಮಹಾನಗರ್ ಗ್ಯಾಸ್ ಆ ಕಂಪನಿಯನ್ನೇ ಕೊಂಡಿತು. ಉಮರ್ಗಾ, ನಿಲಂಗಾ, ಉದಗೀರ್ ಮೂರೂ ಈ ವ್ಯಾಪ್ತಿಯವು.

ಪೈಪ್ ಮುಟ್ಟದ ಊರಿನ ಪಂಪಿಗೆ ಗ್ಯಾಸ್ ಲಾರಿ ಮೇಲಿನ ಸಿಲಿಂಡರುಗಳಲ್ಲಿ ಬರುತ್ತದೆ. ವಾಹನಕ್ಕೆ ತುಂಬಲು ಕಂಪ್ರೆಸರ್ ಅದನ್ನು ಸುಮಾರು 200 ಬಾರ್ ಒತ್ತಡಕ್ಕೆ ಏರಿಸುತ್ತದೆ. ಲಾರಿ ಟೈರಿನೊಳಗಿನ ಗಾಳಿಯ ಒತ್ತಡ 8 ಬಾರ್ ಆಸುಪಾಸು, ಅಷ್ಟೆ.

ನಮ್ಮ ಅಡುಗೆ ಸಿಲಿಂಡರಿನ ಅನುಭವ ಇಲ್ಲಿ ನಡೆಯದು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲ ಹಿಡಿಯುತ್ತದೆ. ಸಿಎನ್‌ಜಿಯಲ್ಲಿರುವ ಮೀಥೇನ್ ಹಗುರ, ಮೇಲಕ್ಕೇರುತ್ತದೆ. ಬಯಲಲ್ಲಿ ಬೇಗ ಚದುರುತ್ತದೆ, ಆದರೆ ತಗಡಿನ ಮಾಡಿನಡಿ ಕೂಡಿಕೊಂಡರೆ ಅಪಾಯ. ಗಾಳಿಯಲ್ಲಿ ಶೇ 5ರಿಂದ 15ರಷ್ಟು ಬೆರೆತಾಗ ಒಂದು ಕಿಡಿ ಸಾಕು. ಕಂಪ್ರೆಸರ್ ಗೋಡೆಗೆ ಒತ್ತಿ ಚಹಾ ಗೂಡಂಗಡಿ ಹಾಕಲು ಬಿಡಬಾರದು ಎನ್ನುವುದು ಇದಕ್ಕೇ.

ಆಂಧ್ರದ ನಗರಂ ಗ್ರಾಮದಲ್ಲಿ 2014ರ ಜೂನ್ 27ರ ನಸುಕಿನಲ್ಲಿ ಗೇಲ್ ಪೈಪ್‌ಲೈನ್ ಸೋರಿ ಹೊತ್ತಿಕೊಂಡು ಸುಮಾರು 20 ಜನ ಸತ್ತರು. ತುಕ್ಕು ತಿಂದ ಪೈಪದು.

ಹೊಗೆಯ ವಿಷಯ ಬೇರೆ. ಕರೆಂಟ್ ಮೋಟಾರಿನ ಕಂಪ್ರೆಸರ್ ಅಲ್ಲಿ ಹೊಗೆ ಉಗುಳದು. ಗ್ಯಾಸ್ ಎಂಜಿನ್ ಇದ್ದರೆ ನೈಟ್ರೋಜನ್ ಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಫಾರ್ಮಾಲ್ಡಿಹೈಡ್ ಬರುತ್ತವೆ; ದಮ್ಮಿನ ರೋಗಿಗಳಿಗೆ, ಮಕ್ಕಳಿಗೆ ಒಳ್ಳೆಯದಲ್ಲ. ಯಂತ್ರ ಯಾವುದು, ರಿಪೇರಿ ವೇಳೆ ಗ್ಯಾಸನ್ನು ಎಲ್ಲಿ ಬಿಡುತ್ತೀರಿ ಎಂದು ಗ್ರಾಮಸಭೆಯಲ್ಲೇ ಕೇಳಿ. ಮರಾಠಿಯಲ್ಲಿ ಬರೆದುಕೊಟ್ಟರೆ ಉತ್ತರ ಬೇಗ ಸಿಕ್ಕೀತು.

ಸಿಎನ್‌ಜಿಗೆ ವಾಸನೆ ಬೆರೆಸಿರುತ್ತಾರೆ. ವಾಸನೆಯೋ ಬುಸುಗುಡುವ ಸದ್ದೋ ಬಂದರೆ ಸ್ವಿಚ್ ಒತ್ತಬೇಡಿ, ಬೈಕ್ ಚಾಲೂ ಮಾಡಬೇಡಿ. ಗಾಳಿ ಬೀಸಿ ಬರುವ ದಿಕ್ಕಿಗೆ, ಸೋರಿಕೆಯಿಂದ ದೂರ ನಡೆದುಹೋಗಿ, ಆಮೇಲೆ 112ಕ್ಕೆ ಫೋನ್ ಮಾಡಿ.