ತಿಪ್ಪೆಯ ಚರಿತ್ರೆ, ಶರತ್ಕಾಲದ ತೋಟ

ಇಂಗ್ಲಿಷಿನ ತೋಟಗಾರಿಕೆಯ ಪುಸ್ತಕಗಳಲ್ಲಿ ಶರತ್ಕಾಲವೆಂದರೆ ಎಲೆಯುದುರುವ ಕಾಲ. ನಮ್ಮ ಬಯಲುನಾಡುಗಳಲ್ಲಿ ಹಾಗಲ್ಲ. ದೆಹಲಿಯ ಬೇವು, ಅರಳಿ ಮರಗಳು ಎಲೆ ಕಳಚುವುದು ಶಿಶಿರ ಮುಗಿಯುವ ಹೊತ್ತಿಗೆ. ಆಶ್ವಯುಜ-ಕಾರ್ತೀಕಗಳಲ್ಲಿ ಪುಣೆ, ಹೈದರಾಬಾದುಗಳ ನೆಲ ಮಳೆಯ ತೇವವನ್ನು ಇನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಚೆನ್ನೈಯವರಿಗಂತೂ ಹಿಂಗಾರು ಆಗಷ್ಟೇ ಆರಂಭವಾಗಿರುತ್ತದೆ. ಚೆಂಡುಹೂವು ಅರಳಿ, ಸೇವಂತಿಗೆ ಮೊಗ್ಗಿಡುವ ಈ ದಿನಗಳಲ್ಲಿ ಪರನಾಡಿನ ಕನ್ನಡಿಗರಾದ ನಾವು ನಮ್ಮ ಬಾಲ್ಕನಿಗಳನ್ನು ಸಿಂಗರಿಸಲು ಹೊರಡುತ್ತೇವೆ. ಮಣ್ಣಿನ ಕುಂಡ, ನಾಲ್ಕು ಸಸಿ, ಒಂದು ಚೀಲ ಕಾಂಪೋಸ್ಟ್. ಹಬ್ಬದ ಹೊತ್ತಿಗೆ ಮನೆಗೊಂದು ಕಳೆ ಬರುತ್ತದೆ. ಇದನ್ನೇ ಈಗ ಪರಿಸರಸ್ನೇಹಿ ತೋಟವೆಂದು ಕರೆಯುವುದು ವಾಡಿಕೆ.

ಆ ಚೀಲದೊಳಗಿನ ಕಪ್ಪು ಮಣ್ಣಿಗೆ ಒಂದು ಚರಿತ್ರೆಯಿದೆ. ಜಗತ್ತಿನ ಕೃಷಿಗ್ರಂಥಗಳಲ್ಲಿ ಕಾಂಪೋಸ್ಟ್ ತಯಾರಿಕೆಯ ಎರಡು ಕ್ರಮಗಳು ನಮ್ಮ ದೇಶದ ಎರಡು ಊರುಗಳ ಹೆಸರಿನಿಂದಲೇ ಪ್ರಸಿದ್ಧವಾಗಿವೆ: ಒಂದು ಇಂದೋರ್ ವಿಧಾನ, ಇನ್ನೊಂದು ಬೆಂಗಳೂರು ವಿಧಾನ.

ಇವೆರಡಕ್ಕೂ ಬಹಳ ಮುಂಚೆಯೇ ನಮ್ಮಲ್ಲಿ ತಿಪ್ಪೆಯಿತ್ತು. ನಗರದ ಮಾತಿನಲ್ಲಿ ತಿಪ್ಪೆಯೆಂದರೆ ಕೊಳಕು. ಒಕ್ಕಲಿನ ಮಾತಿನಲ್ಲಿ ಅದು ಬರುವ ವರ್ಷದ ಬೆಳೆ. ಬಲಿಪಾಡ್ಯಮಿಯಂದು ಸಗಣಿಯ ಉಂಡೆಗೆ ಹೂ ಸಿಕ್ಕಿಸಿ ಹೊಸ್ತಿಲಲ್ಲಿಯೂ ತಿಪ್ಪೆಯ ಮೇಲೂ ಇಡುವ ಪದ್ಧತಿ ಕರ್ನಾಟಕದ ಹಲವು ಹಳ್ಳಿಗಳಲ್ಲಿದೆ. ಲಕ್ಷ್ಮಿಗೆ ಸಲ್ಲುವ ಹೂವು ತಿಪ್ಪೆಗೂ ಸಲ್ಲುತ್ತದೆ. ಉತ್ತರ ಕನ್ನಡದ ಅಡಿಕೆ ತೋಟಿಗರಿಗೆ ಸೊಪ್ಪಿನ ಬೆಟ್ಟಗಳಿದ್ದವು. ಅಲ್ಲಿಂದ ತಂದ ಸೊಪ್ಪು, ದರಕುಗಳು ಕೊಟ್ಟಿಗೆಯಲ್ಲಿ ದನಗಳ ಕಾಲಡಿಯಲ್ಲಿ ತುಳಿಸಿಕೊಂಡು, ಗುಂಡಿಯಲ್ಲಿ ಕೊಳೆತು, ಅಡಿಕೆ ಮರದ ಬುಡ ಸೇರುತ್ತಿದ್ದವು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟವನ್ನು ಬಿಟ್ಟುಕೊಡುವ ವ್ಯವಸ್ಥೆ ಬ್ರಿಟಿಷರ ಕಾಲದಲ್ಲಿ ದಾಖಲೆಗೆ ಬಂದಿತು. ಒಂದು ತೋಟದ ಹಸುರನ್ನು ಉಳಿಸಲು ಎಷ್ಟು ಕಾಡು ಬೇಕು ಎಂಬ ಲೆಕ್ಕ ಆ ಅಂಕಿಯಲ್ಲಿದೆ.

ಈ ಬಗೆಯ ಲೋಕಜ್ಞಾನವನ್ನು ಪ್ರಯೋಗಶಾಲೆಯ ಶಿಸ್ತಿಗೆ ಒಳಪಡಿಸಿದವರು ಆಲ್ಬರ್ಟ್ ಹೋವರ್ಡ್. ಸರ್ಕಾರದ ಸಸ್ಯವಿಜ್ಞಾನಿಯಾಗಿ ಅವರು ಬಿಹಾರದ ಪೂಸಾಕ್ಕೆ ಬಂದದ್ದು 1905ರಲ್ಲಿ. ಕಲಿಸಲು ಬಂದವರು ಕಲಿಯಲು ಕುಳಿತರು. ಸುತ್ತಲಿನ ರೈತರನ್ನೂ ಬೆಳೆಗೆ ಬೀಳುವ ಕೀಟಗಳನ್ನೂ ತಮ್ಮ ಗುರುಗಳೆಂದು ಮುಂದೆ ಅವರೇ ಬರೆದುಕೊಂಡರು. ಅಮೆರಿಕದ ಮಣ್ಣುವಿಜ್ಞಾನಿ ಎಫ್. ಎಚ್. ಕಿಂಗ್ ಚೀನಾ, ಕೊರಿಯಾ, ಜಪಾನುಗಳನ್ನು ಸುತ್ತಿ ಬರೆದ ಗ್ರಂಥ 1911ರಲ್ಲಿ ಪ್ರಕಟವಾಗಿತ್ತು. ನೂರಾರು ತಲೆಮಾರುಗಳು ಉತ್ತರೂ ಅಲ್ಲಿಯ ನೆಲ ಬಡವಾಗದಿರಲು ಕಾರಣ, ನೆಲದಿಂದ ಪಡೆದದ್ದನ್ನೆಲ್ಲ ನೆಲಕ್ಕೇ ಹಿಂದಿರುಗಿಸುವ ಶ್ರದ್ಧೆ ಎಂಬುದು ಅದರ ಸಾರ. ಹೋವರ್ಡರ ಮೇಲೆ ಅದರ ಪ್ರಭಾವ ಗಾಢವಾಗಿತ್ತು.

1924ರಲ್ಲಿ ಇಂದೋರಿನಲ್ಲಿ ಸ್ಥಾಪನೆಯಾದ ಸಸ್ಯೋದ್ಯಮ ಸಂಸ್ಥೆಯಲ್ಲಿ ಅವರ ಪ್ರಯೋಗಗಳು ಪಕ್ವಗೊಂಡವು. ಅವರ ಪತ್ನಿ, ಸ್ವತಃ ಸಸ್ಯವಿಜ್ಞಾನಿಯಾಗಿದ್ದ ಗೇಬ್ರಿಯೆಲ್, ಈ ಎಲ್ಲ ಕಾರ್ಯದಲ್ಲಿ ಸಮಪಾಲುದಾರರಾಗಿದ್ದರು. ಸುಮಾರು 30 ಅಡಿ ಉದ್ದ, 14 ಅಡಿ ಅಗಲದ ಆಳವಿಲ್ಲದ ಗುಂಡಿಗಳಲ್ಲಿ ಕಳೆ, ಕಡ್ಡಿ, ಎಲೆಗಳನ್ನು ಹರಡಿ, ಸಗಣಿ, ಗಂಜಲ ಹೀರಿದ ಮಣ್ಣು ಮತ್ತು ಬೂದಿಗಳನ್ನು ಪದರಪದರವಾಗಿ ಸೇರಿಸುವುದು; ಗಾಳಿಯಾಡಲು ಮೂರು ಬಾರಿ ಮಗುಚುವುದು; ಸುಮಾರು 90 ದಿನಗಳಲ್ಲಿ ಗೊಬ್ಬರವನ್ನು ತೆಗೆಯುವುದು: ಇದು ಇಂದೋರ್ ವಿಧಾನ. ಸಹೋದ್ಯೋಗಿ ಯಶವಂತ ವಾಡ್ ಅವರೊಡನೆ ಬರೆದ ಇದರ ವಿವರ 1931ರಲ್ಲಿ ಪ್ರಕಟವಾಯಿತು. ಇಂದಿನ ಸಾವಯವ ಕೃಷಿಯ ಚಳವಳಿಗಳು ಹೋವರ್ಡರನ್ನು ಮೂಲಪುರುಷರ ಸಾಲಿನಲ್ಲಿ ನಿಲ್ಲಿಸುತ್ತವೆ. ಆ ಸಾಲಿನಲ್ಲಿ ಅವರ ಗುರುಗಳಾದ ರೈತರ ಹೆಸರುಗಳಿಲ್ಲ; ಅವನ್ನು ಯಾರೂ ಬರೆದಿಡಲಿಲ್ಲ.

ಇಂದೋರ್ ವಿಧಾನಕ್ಕೆ ದನವೂ ಬೇಕು, ಮಗುಚುವ ಆಳುಗಳೂ ಬೇಕು. ಬೆಳೆಯುತ್ತಿರುವ ನಗರಗಳ ಸಮಸ್ಯೆಯೇ ಬೇರೆ. ಅಲ್ಲಿ ಕಸವಿತ್ತು, ಮಲವಿತ್ತು, ಎರಡನ್ನೂ ಸುರಿಯಲು ಜಾಗವಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ ಕ್ರಮ ಇದಕ್ಕೆ ಉತ್ತರವಾಗಿತ್ತು. ಕಂದಕದಲ್ಲಿ ಊರಿನ ಕಸವನ್ನೂ ಮಲವನ್ನೂ ಪದರಪದರವಾಗಿ ತುಂಬಿ, ಮೇಲೆ ಕಸದ ದಪ್ಪ ಪದರ ಹಾಸಿ, ಮಣ್ಣು ಮೆತ್ತಿ ಮುಚ್ಚಿಬಿಡುವುದು. ಮೊದಲ ಕೆಲವು ದಿನ ಒಳಗೆ ಉಳಿದ ಗಾಳಿಯಿಂದ ಕಾವು ಏರುತ್ತದೆ. ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕೊಳೆಯುತ್ತದೆ. ಮಗುಚುವ ಕೆಲಸವಿಲ್ಲ, ನೊಣದ ಕಾಟ ಕಡಿಮೆ, ಸಾರಜನಕದ ನಷ್ಟವೂ ಕಡಿಮೆ. ಕಾಯಬೇಕಾದದ್ದು 6ರಿಂದ 8 ತಿಂಗಳು. ಯುದ್ಧ, 1943ರ ಬಂಗಾಳದ ಕ್ಷಾಮ, ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನಗಳ ಆ ದಶಕದಲ್ಲಿ ಪುರಸಭೆಗಳಿಗೆ ಈ ಅಗ್ಗದ ಗೊಬ್ಬರ ವರವಾಗಿ ಕಂಡಿತು.

ಇಲ್ಲಿ ನಾವು ಒಂದು ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ. ಆ ಕಂದಕದವರೆಗೆ ಮಲವನ್ನು ಹೊತ್ತು ತಂದವರು ಯಾರು? ವಿಧಾನವನ್ನು ವಿವರಿಸುವ ಕೈಪಿಡಿಗಳು ಪದರದ ದಪ್ಪವನ್ನು ಅಂಗುಲದ ಲೆಕ್ಕದಲ್ಲಿ ಹೇಳುತ್ತವೆ. ಬುಟ್ಟಿಯನ್ನು ಹೊತ್ತ ತಲೆಯ ಕುರಿತು ಹೇಳುವುದಿಲ್ಲ. ಆ ತಲೆ ಯಾವ ಜಾತಿಯದೆಂಬುದು ಊರಿಗೆಲ್ಲ ಗೊತ್ತಿತ್ತು. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಸಾಹಿತ್ಯಾಸಕ್ತರಾದ ನಮಗೆ ಅವರ ಹೆಸರು 1973ರ ಬೂಸಾ ಪ್ರಕರಣದಿಂದ ಪರಿಚಿತ. ಈ ನಿಷೇಧದಿಂದ ಪರಿಚಿತವಾಗಬೇಕಾದದ್ದು ಹೆಚ್ಚು ನ್ಯಾಯ. ಸಂಸತ್ತಿನ ಕಾಯಿದೆ ಬಂದದ್ದು 1993ರಲ್ಲಿ, ಅದಕ್ಕಿಂತ ಬಿಗಿಯಾದದ್ದು 2013ರಲ್ಲಿ. ನೆಲಕ್ಕೆ ಹಿಂದಿರುಗಿಸುವ ಧರ್ಮ ಒಳ್ಳೆಯದೇ. ಆದರೆ ಹಿಂದಿರುಗಿಸುವ ಭಾರವನ್ನು ಒಂದೇ ಜನವರ್ಗದ ತಲೆಗೆ ಕಟ್ಟಿ, ಅದರ ಫಲವನ್ನು ಉಳಿದವರು ಉಣ್ಣುವುದನ್ನು ಪರಿಸರಪ್ರೀತಿಯೆಂದು ಕರೆಯಲಾಗದು.

ಈ ಚರಿತ್ರೆಯ ಬೆಳಕಿನಲ್ಲಿ ನಮ್ಮ ಬಾಲ್ಕನಿಗೆ ಮರಳಿದರೆ, ಎರಡು ವಿಧಾನಗಳೂ ಒಂದು ಕುಂಡದ ಅಳತೆಗೆ ಇಳಿಯಬಲ್ಲವು. ತಳದಲ್ಲಿಯೂ ಬದಿಯಲ್ಲಿಯೂ ತೂತುಗಳಿರುವ ಮಣ್ಣಿನ ಮಡಕೆಯೊಂದರಲ್ಲಿ ತರಕಾರಿ ಸಿಪ್ಪೆ ಒಂದು ಪಾಲು, ಒಣಗಿದ ಎಲೆ ಎರಡು ಮೂರು ಪಾಲು, ನಡುನಡುವೆ ಹಳೆಯ ಗೊಬ್ಬರವನ್ನೋ ಹುಳಿ ಮಜ್ಜಿಗೆಯನ್ನೋ ಸೇರಿಸುವುದು. ದುರ್ನಾತ ಬಂದರೆ ಎಲೆ ಕಡಿಮೆಯಾಗಿದೆ ಎಂದರ್ಥ. ಕೊಳೆಯದೆ ನಿಂತರೆ ತೇವ ಸಾಲದೆಂದರ್ಥ. ವಾರಕ್ಕೊಮ್ಮೆ ಮಗುಚುವ ವ್ಯವಧಾನವಿದ್ದವರದು ಇಂದೋರ್ ದಾರಿ: ದೀಪಾವಳಿಗೆ ತೊಡಗಿದ್ದು ರಥಸಪ್ತಮಿಯ ಆಸುಪಾಸಿಗೆ ಕೈಗೆ ಬರುತ್ತದೆ. ವ್ಯವಧಾನವಿಲ್ಲದವರದು ಬೆಂಗಳೂರಿನ ದಾರಿ: ತುಂಬಿದ ಮಡಕೆಯ ಬಾಯಿಗೆ ಮಣ್ಣು ಮೆತ್ತಿ ಮರೆತುಬಿಟ್ಟರೆ ಮುಂಗಾರಿಗೆ ಮುನ್ನ ತೆರೆಯಬಹುದು. ಆಯುಧಪೂಜೆಯ ಚೆಂಡುಹೂವಿನ ಮಾಲೆಗಳೂ ಇದಕ್ಕೆ ಸಲ್ಲುತ್ತವೆ, ದಾರವನ್ನೂ ಜರಿಯನ್ನೂ ಮೊದಲು ಬಿಡಿಸಿದರೆ.

ಒಣ ಎಲೆಗೆ ದೆಹಲಿಯವರು ಚೈತ್ರದ ಮುನ್ನವೇ ಗೋಣಿಚೀಲ ತುಂಬಿಟ್ಟುಕೊಳ್ಳಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಎಲೆ, ಕಸ ಸುಡುವುದನ್ನು ಅಲ್ಲಿ 2015ರಲ್ಲಿಯೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ನಿಯಮಗಳಿಗಿಂತ ದೊಡ್ಡ ಕಾರಣವೊಂದಿದೆ. ನಾವು ಬೇರ್ಪಡಿಸದೆ ಕೊಟ್ಟ ಕಸದಲ್ಲಿ ಯಾರೋ ಬರಿಗೈ ಹಾಕಿ ಬೇರ್ಪಡಿಸುತ್ತಾರೆ. ಬುಟ್ಟಿ ತಲೆಯಿಂದ ಇಳಿದು ಕೈಗೆ ಬಂದಿದೆ, ಅಷ್ಟೇ. ನಮ್ಮ ಮನೆಯ ಸಿಪ್ಪೆ ನಮ್ಮ ಕುಂಡದಲ್ಲೇ ಮಣ್ಣಾದ ದಿನ ಆ ಕೈಗೆ ಅಷ್ಟರಮಟ್ಟಿಗೆ ಬಿಡುವು ಸಿಗುತ್ತದೆ. ಸೇವಂತಿಗೆ ಚೆನ್ನಾಗಿ ಅರಳುವುದು ಅದರ ಮೇಲಿನ ಲಾಭ.