ಠಾಣೆಯ ದಫ್ತರದಿಂದ ಮೇಯರ್ ಪೀಠಕ್ಕೆ

ಸರ್ಕಾರದ ಪಟ್ಟಿಯಲ್ಲಿ ಹೆಸರಿರುವುದು ಕೆಲವರಿಗೆ ಹಕ್ಕು, ಕೆಲವರಿಗೆ ಕಳಂಕ. ಹಿಜಡಾ ಸಮುದಾಯ ಎರಡನ್ನೂ ಕಂಡಿದೆ.

ಬ್ರಿಟಿಷರು 1871ರಲ್ಲಿ ಜಾರಿಗೆ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ ಇವರನ್ನೇ ಕುರಿತದ್ದು. ಮಕ್ಕಳ ಅಪಹರಣದಂಥ ಅಪರಾಧಗಳ ಶಂಕೆ ಇದ್ದರೆ ಸಾಕು, ಅವರ ಹೆಸರು, ವಾಸಸ್ಥಳಗಳನ್ನು ದಫ್ತರದಲ್ಲಿ ಬರೆದಿಡಲಾಗುತ್ತಿತ್ತು. ಹಾಗೆ ದಾಖಲಾದವರು ಹೆಣ್ಣುಡುಗೆ ತೊಟ್ಟು ಬೀದಿಗೆ ಬಂದರೆ, ಸಾರ್ವಜನಿಕವಾಗಿ ಕುಣಿದರೆ ಎರಡು ವರ್ಷದವರೆಗೆ ಸೆರೆವಾಸ. ದತ್ತು ಪಡೆಯುವಂತಿಲ್ಲ, ಉಯಿಲು ಬರೆಯುವಂತಿಲ್ಲ.

ಸ್ವಾತಂತ್ರ್ಯದ ನಂತರ ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಬಂತು. ಆದರೆ ಮತದಾರರ ಪಟ್ಟಿಯಲ್ಲಿದ್ದದ್ದು ಗಂಡು, ಹೆಣ್ಣು ಎಂಬ ಎರಡೇ ವರ್ಗ. ಈ ತೊಡಕಿನ ನಡುವೆಯೂ ಮಧ್ಯಪ್ರದೇಶದ ಸೊಹಾಗ್‌ಪುರದಿಂದ ಆರಿಸಿ ಬಂದ ಶಬನಮ್ ಮೌಸಿ 2003ರವರೆಗೆ ಶಾಸಕಿಯಾಗಿದ್ದರು. 2000ದಲ್ಲಿ ಉತ್ತರಪ್ರದೇಶದ ಗೋರಖಪುರದ ಜನ ಆಶಾದೇವಿಯವರನ್ನು ಮೇಯರ್ ಆಗಿ ಆರಿಸಿದರು.

ಇದೇ ಸುಮಾರಿಗೆ ಮಧ್ಯಪ್ರದೇಶದ ಕಟನಿಯಲ್ಲಿ ಕಮಲಾ ಜಾನ್ ಮೇಯರ್ ಆದರು. ಆ ಸ್ಥಾನ ಮಹಿಳೆಯರಿಗೆ ಮೀಸಲು. ಸೋತವರ ತಕರಾರು ಮತ ಎಣಿಕೆಯ ಬಗ್ಗೆ ಅಲ್ಲ, ಗೆದ್ದವರ ಲಿಂಗದ ಬಗ್ಗೆ. ಕಾನೂನಿನ ಕಣ್ಣಿಗೆ ಅವರು ಗಂಡಸು ಎಂದು ಆಯ್ಕೆ ಅಸಿಂಧುವಾಯಿತು. 2003ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಮತ ಕೊಟ್ಟ ಸಾವಿರಾರು ಜನಕ್ಕೆ ಇಲ್ಲದ ಸಂಶಯ ಕಾನೂನಿಗೆ ಇತ್ತು.

2009ರಲ್ಲಿ ಚುನಾವಣಾ ಆಯೋಗ ‘ಇತರೆ’ ಎಂಬ ಮೂರನೆಯ ವರ್ಗಕ್ಕೆ ಎಡೆ ಮಾಡಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್, ತಮ್ಮ ಲಿಂಗ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಗಳದ್ದೇ ಎಂದಿತು. ಮರು ಜನವರಿಯಲ್ಲಿ ಛತ್ತೀಸ್‌ಗಢದ ರಾಯಗಢದಲ್ಲಿ ಪಕ್ಷೇತರರಾಗಿ ನಿಂತ ಮಧು ಕಿನ್ನರ್ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಮೇಯರ್ ಆದರು.

ಆದರೂ ಒಂದು ಲೆಕ್ಕ ಗಮನಿಸಿ. 2011ರ ಜನಗಣತಿಯಲ್ಲಿ ‘ಇತರೆ’ ಎಂದು ದಾಖಲಾದವರು ಮಕ್ಕಳೂ ಸೇರಿ ಸುಮಾರು 4.88 ಲಕ್ಷ. 2014ರ ಲೋಕಸಭಾ ಚುನಾವಣೆಯ ಮತದಾರರ ಪಟ್ಟಿಯಲ್ಲಿ ಆ ಹೆಸರಿನಡಿ ಇದ್ದವರು ಸುಮಾರು 28 ಸಾವಿರ ಮಾತ್ರ. ದಾಖಲೆಪತ್ರಗಳ ಕೊರತೆ ಒಂದು ಕಾರಣ. ಪಟ್ಟಿಯ ಬಗೆಗಿನ ಹಳೆಯ ಅಂಜಿಕೆಗೂ ಆಧಾರವಿತ್ತು. ನಮ್ಮ ಕರ್ನಾಟಕದಲ್ಲೇ 2011ರಲ್ಲಿ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಮು ಹಿಜಡಾಗಳ ಹೆಸರು, ವಿಳಾಸಗಳ ದಫ್ತರ ಇಡಲು ಅವಕಾಶ ಕೊಟ್ಟಿತ್ತು. ಸಮುದಾಯದ ಸಂಘಟನೆ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ, 2016ರಲ್ಲಿ, ಆ ಸಮುದಾಯವನ್ನು ಹೆಸರಿಸುವ ಪದವನ್ನು ಕಲಮಿನಿಂದ ತೆಗೆಯಲಾಯಿತು.

ಹೆಸರು ಕೇಳಲು ಬಂದವರು ಮತ ಕೊಡಿಸಲು ಬಂದರೋ, ನಿಗಾ ಇಡಲು ಬಂದರೋ ಎಂಬ ಅನುಮಾನ ಅಳಿಯುವವರೆಗೆ ಆ ಮೂರನೆಯ ವರ್ಗ ತುಂಬುವುದು ಕಷ್ಟ.